ಅವರು ಮನೆಗೇ ಬರಬೇಕೆಂದಿಲ್ಲ

ಬ್ರಹ್ಮಾವರದ ಕಡೆಯ ಓದುಗರೊಬ್ಬರು "ಹೆಸರು ಹಾಕಬೇಡಿ" ಎಂಬ ಮಾತಿಗೆ ಎರಡು ಸಲ ಅಡಿಗೆರೆ ಎಳೆದು ಬರೆದಿದ್ದಾರೆ. ಅವರ ತಮ್ಮ, ಮುಂಬಯಿಯ ಹೋಟೆಲು ಕೆಲಸ ಬಿಟ್ಟು ಬಂದು, ಈಗ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ. ಎಚ್‌ಐವಿ ಉಂಟು. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಪರಿಚಯದವರು ಸಿಕ್ಕಾರೆಂದು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದ. ಒಂದು ತಿಂಗಳಿಂದ ಹೋಗಿಲ್ಲ. ಎಚ್‌ಐವಿ ಇರುವವರ ನೆರವಿಗಿರುವ ಬೆಂಬಲ ಕೇಂದ್ರದವರು ಅವನಿಗೆ ಫೋನ್ ಮಾಡಿ, ಮನೆಗೆ ಬಂದು ಮಾತಾಡಬಹುದೇ ಎಂದು ಕೇಳಿದ್ದಾರೆ. "ಅವರು ಬಂದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಅಮ್ಮ ಆಗಲೇ ಅವನ ಬಟ್ಟಲು, ಲೋಟ ಬೇರೆ ಇಟ್ಟಿದ್ದಾರೆ" ಎಂಬುದು ಪತ್ರದ ಸಂಕಟ.

ಅಕ್ಕಾ, ಬಟ್ಟಲಿನ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಬಟ್ಟಲಲ್ಲಿ ಉಂಡರೆ, ಒಂದೇ ಬಾತ್‌ರೂಮ್ ಬಳಸಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಅಮ್ಮನ ಮೇಲೆ ಸಿಟ್ಟಾಗಬೇಡಿ, ಅವರ ಹೆದರಿಕೆ ಹಳೇ ಕಾಲದ್ದು. ಸರ್ಕಾರ ಉಚಿತವಾಗಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮದ್ದು) ಕೊಡಲು ಶುರುಮಾಡಿದ್ದೇ 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಅವರು ಕಂಡದ್ದು, ಕೇಳಿದ್ದು ಬರೀ ಸಾವು. ಈಗ ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ, ಅಷ್ಟೇ. ಅದನ್ನು ತಪ್ಪದೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ನನಗೆ ಚಿಂತೆಯಾದದ್ದು ಬಟ್ಟಲಲ್ಲ, ಆ ತಪ್ಪಿದ ತಿಂಗಳು. ನಿಲ್ಲಿಸಿ ನಿಲ್ಲಿಸಿ ನುಂಗಿದರೆ ವೈರಸ್ ಮದ್ದಿಗೆ ಬಗ್ಗದಂತಾಗುತ್ತದೆ.

ಇನ್ನು ಮನೆಗೆ ಬರುವ ಮಾತು. ನಿಮ್ಮ ಹೆದರಿಕೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ವರದಿಗಾರನಾಗಿದ್ದಾಗ ಇಂಥದೇ ಒಂದು ಮನೆಯ ಬಗ್ಗೆ ಬರೆದಿದ್ದೆ. ಹೆಸರು ಬದಲಿಸಿದೆ, ಮುಖ ಮಸುಕು ಮಾಡಿಸಿದೆ. ಆದರೆ ಫೋಟೋದ ಮೂಲೆಯಲ್ಲಿ ಅಂಗಳದ ತುಳಸಿಕಟ್ಟೆ, ಅದಕ್ಕೆ ಬಳಿದ ನೀಲಿ ಬಣ್ಣ ಹಾಗೇ ಉಳಿಯಿತು. ಊರಲ್ಲಿ ನೀಲಿ ಕಟ್ಟೆ ಇದ್ದದ್ದು ಅದೊಂದೇ ಮನೆಯಲ್ಲಿ, ಮಾರಾಯ್ರೆ! ಆ ಹೆಂಗಸು ನನ್ನನ್ನು ಬೈಯಲಿಲ್ಲ. ಮುಂದಿನ ಸಲ ಹೋದಾಗ ಕಟ್ಟೆಗೆ ಸುಣ್ಣ ಬಳಿದಿದ್ದರು.

ಆದ್ದರಿಂದ ಹೇಳುತ್ತೇನೆ: ಬೆಂಬಲ ಕೇಂದ್ರದವರನ್ನು ಬೇಡ ಎನ್ನಬೇಡಿ, ಜಾಗ ಬದಲಿಸಿ. ಮಾತ್ರೆ ಬಿಟ್ಟವರನ್ನು ಹುಡುಕಿಕೊಂಡು ಬರುವ ಈ ಕಾರ್ಯಕರ್ತರಲ್ಲಿ ಹಲವರು ಸ್ವತಃ ಎಚ್‌ಐವಿ ಇರುವವರು. ಬಾಗಿಲಲ್ಲಿ ಅಪರಿಚಿತರು ನಿಂತರೆ ಪಕ್ಕದ ಮನೆಯ ಕಿಟಕಿ ತೆರೆದುಕೊಳ್ಳುತ್ತದೆಂದು ನಾನು ಅವರಿಗೆ ಹೇಳಿಕೊಡಬೇಕಿಲ್ಲ. ಮಲ್ಪೆ ಬೀಚಿನಲ್ಲೋ ಉಡುಪಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೋ ಸಿಗೋಣ ಎಂದು ತಮ್ಮನೇ ಹೇಳಲಿ. ಹೌದು, ತಮ್ಮನೇ. ನೀವಲ್ಲ, ಅಮ್ಮನಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವನ ಕೈಯಲ್ಲಿರಲಿ. 2017ರ ಎಚ್‌ಐವಿ ಕಾಯ್ದೆ (ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ) ಹೇಳುವುದೂ ಇದನ್ನೇ. ಅವನ ಒಪ್ಪಿಗೆಯಿಲ್ಲದೆ ಬೋಟಿನ ಮಾಲಕರಿಗಾಗಲಿ ನೆಂಟರಿಗಾಗಲಿ ಹೇಳುವಂತಿಲ್ಲ, ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ತಮ್ಮ ಮಾತ್ರೆ ಡಬ್ಬಿಯ ಚೀಟಿ ಕೆರೆದು ತೆಗೆದಿದ್ದಾನೆ, ಗಲಗಲ ಸದ್ದಾಗದಂತೆ ಒಳಗೆ ಹತ್ತಿ ತುರುಕಿದ್ದಾನೆ ಎಂದು ಬರೆದಿದ್ದೀರಿ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹತ್ತಿ. ಬೋಟಿನಲ್ಲಿ ಹತ್ತು ದಿನ ಒಂದೇ ಕ್ಯಾಬಿನ್ನು. ನುಂಗುವುದನ್ನು ಯಾರಾದರೂ ನೋಡಿದರೆ ಎಂಬ ಅಂಜಿಕೆಯಲ್ಲೇ ಬಿಟ್ಟಿರಲೂಬಹುದು. ಹಾಗಿದ್ದರೆ ಆಸ್ಪತ್ರೆಯ ಆಪ್ತಸಮಾಲೋಚಕರ (ಕೌನ್ಸಿಲರ್) ಹತ್ತಿರ ಅದನ್ನೇ ಹೇಳಲಿ, ನುಂಗುವ ಹೊತ್ತನ್ನು ಕೆಲಸಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಬಹುದು. ಆರೋಗ್ಯ ಸ್ಥಿರವಾದವರಿಗೆ ಒಂದೇ ಸಲ ಮೂರು ತಿಂಗಳ ಮಾತ್ರೆ ಕೊಡುವ ಪದ್ಧತಿಯೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗಿಳಿಯುವುದಿಲ್ಲವಲ್ಲ, ಚಿಕಿತ್ಸೆಯನ್ನು ಅಜ್ಜರಕಾಡಿಗೆ ವರ್ಗ ಮಾಡಿಸಿಕೊಳ್ಳುವ ಯೋಚನೆಯಿದ್ದರೆ ಆಗ ಓಡಾಡಲಿ. ಮಾತ್ರೆಗೆ ಮಾತ್ರ ಮಳೆಗಾಲದವರೆಗೆ ಕಾಯುವುದು ಬೇಡ, ಈ ವಾರವೇ ವೆನ್ಲಾಕ್‌ಗೆ ಹೋಗಲಿ. ಬೈಯುತ್ತಾರೆಂಬ ಅಳುಕಿದ್ದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಮಾತಾಡಲಿ, ಕರೆ ಉಚಿತ.

ನಿಮ್ಮ ಲಕೋಟೆಯನ್ನು ಅಂಚೆ ಮುದ್ರೆ ಸಮೇತ ಹರಿದು ಹಾಕಿದ್ದೇನೆ. ಈ ಬರಹದ ಮೊದಲಿಗೆ ಬ್ರಹ್ಮಾವರ ಎಂದು ಅಚ್ಚಾಗಿದೆ. ನಿಮ್ಮ ಊರು ಅದಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

— ಸಂಪಾದಕ