ಬೀಜದ ಗಾಡಿ, ಬೀಸುಕಲ್ಲು

ಮುಧೋಳದ ಓದುಗರೊಬ್ಬರ ಪತ್ರ: ‘ಮಗ ಹಟ ಹಿಡಿದ ಅಂತ ರಸೆಲ್ ಕ್ರೋ ನಟಿಸಿದ 2010ರ ರಾಬಿನ್ ಹುಡ್ ಸಿನಿಮಾ ನೋಡಿದೆ. ಎರಡು ತಾಸಿನ ಮೇಲೆ ಕೂತರೂ ಪುಣ್ಯಾತ್ಮ ಯಾವ ಸಾಹುಕಾರನನ್ನೂ ದೋಚಲಿಲ್ಲ. ಕಾಡು ಸೇರುವ ಹೊತ್ತಿಗೆ ಸಿನಿಮಾನೇ ಮುಗೀತು. ವಾಸ್ತವ ತೋರಿಸ್ತೀವಿ ಅಂತ ಮೂಲ ಕಥೀನ ಕೆಡಿಸಬಹುದೇನ್ರಿ? ನಾಳೆ ನಮ್ಮ ಹಲಗಲಿ ಬೇಡರಿಗೂ ಹಿಂಗ ಮಾಡಿದರ?’

ಸಂಪಾದಕರ ಉತ್ತರ:

ಒಂದು ಸಲ ದೋಚುತ್ತಾನೆ ಸರ್. ನೀವು ಚಹಾಕ್ಕೆ ಎದ್ದು ಹೋದಾಗ ಆ ಭಾಗ ದಾಟಿರಬೇಕು. ನಾಟಿಂಗ್‌ಹ್ಯಾಮಿನ ಹೊಲಗಳು ಬಿತ್ತನೆಯಿಲ್ಲದೆ ಬಿದ್ದಿವೆ. ಊರಿನ ಕಾಳು ಗಾಡಿಯಲ್ಲಿ ಯಾರ್ಕ್ ಕಡೆಗೆ, ಚರ್ಚಿನವರ ಪಾಲಾಗಿ ಹೊರಟಿದೆ. ರಾಬಿನ್ ಮತ್ತು ಗೆಳೆಯರು ಆ ಗಾಡಿ ತಡೆದು ಕಾಳು ಇಳಿಸಿಕೊಂಡು, ರಾತ್ರೋರಾತ್ರಿ ಹೊಲಕ್ಕೆ ಬಿತ್ತುತ್ತಾರೆ. ಚಿನ್ನದ ಗಂಟಲ್ಲ, ಬಿತ್ತನೆ ಬೀಜ. ಮೃಗಶಿರಾ ಹೊತ್ತಿಗೆ ಬೀಜಕ್ಕೆ ಸಾಲುಗಟ್ಟಿ ನಿಲ್ಲುವ ನಮ್ಮ ಜಿಲ್ಲೆಗಳ ರೈತನಿಗೆ ಈ ದರೋಡೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ನಿರ್ದೇಶಕ ರಿಡ್ಲಿ ಸ್ಕಾಟ್ ಇಡೀ ಸಿನಿಮಾವನ್ನು ಇದರ ಸುತ್ತ ಕಟ್ಟಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ.

ಇನ್ನು ಮೂಲ ಕಥೆ. ಯಾವ ಮೂಲ? ಇಂಗ್ಲೆಂಡಿನ ಹಳೆಯ ಲಾವಣಿಗಳಲ್ಲಿ ರಾಬಿನ್ನನ ಪ್ರೇಯಸಿ ಮೇರಿಯನ್ ಇಲ್ಲ. ರಾಜನ ಹೆಸರು ಬಂದಲ್ಲಿ ಅದು ಎಡ್ವರ್ಡ್, ರಿಚರ್ಡ್ ಅಲ್ಲ. ರಾಬಿನ್ನನನ್ನು ರಿಚರ್ಡನ ಕಾಲಕ್ಕೆ ತಂದು ಕೂರಿಸಿದ್ದು 1521ರಲ್ಲಿ, ಸ್ಕಾಟ್ಲೆಂಡಿನ ಚರಿತ್ರಕಾರ ಜಾನ್ ಮೇಜರ್. ಸಿನಿಮಾ ಅದನ್ನೇ ಹಿಡಿದು, 1199ರಲ್ಲಿ ಫ್ರಾನ್ಸಿನ ಕೋಟೆಯೊಂದರ ಮುತ್ತಿಗೆಯಲ್ಲಿ ರಿಚರ್ಡ್ ಬಾಣ ತಾಗಿ ಸತ್ತಲ್ಲಿಂದ ಶುರುವಾಗುತ್ತದೆ. ಹಾಗಾಗಿ ‘ಕೆಡಿಸಿದರು’ ಎಂಬ ದೂರಿಗೆ ನನ್ನ ಸಹಿ ಇಲ್ಲ.

ನನ್ನ ತಕರಾರು ಬೇರೆ. ಕೆಸರು, ಹೊಲಸು ಬಟ್ಟೆ, ಮಂಕು ಬೆಳಕು ಎಲ್ಲ ಇಟ್ಟು, ಕೊನೆಗೆ ನಾಯಕನಿಗೊಬ್ಬ ದೊಡ್ಡ ಅಪ್ಪನನ್ನು ಹುಡುಕಿ ಕೊಟ್ಟರು ನೋಡಿ, ಅದು. ಕಲ್ಲುಕುಟಿಗನಾದ ಆ ಅಪ್ಪ ಜನರ ಹಕ್ಕಿನ ಸನ್ನದು ಬರೆದು ಪ್ರಾಣ ತೆತ್ತವನಂತೆ. ಇಂಗ್ಲೆಂಡಿನ ನಿಜವಾದ ಸನ್ನದು ಹುಟ್ಟಿದ್ದು 1215ರಲ್ಲಿ, ರಾಜನಿಗೆ ತಿರುಗಿಬಿದ್ದ ಸರದಾರರ ಒತ್ತಾಯಕ್ಕೆ. ಬೀಜ ಕಳಕೊಂಡ ಊರೊಂದು ಸಾಲದೇ, ಒಬ್ಬ ಬಿಲ್ಲುಗಾರ ಬಂಡೇಳಲಿಕ್ಕೆ?

ನಮ್ಮ ಸಂಗೊಳ್ಳಿ ರಾಯಣ್ಣನಿಗೆ ಅಂಥ ಅಪ್ಪ ಬೇಕಾಗಲಿಲ್ಲ. ಊರ ಚಾಕರಿಗೆ ಹೊಲ ಪಡೆದ ಶೇತಸನದಿ ಅವನು. ಕುಂಪಣಿ, ಅಂದರೆ ಈಸ್ಟ್ ಇಂಡಿಯಾ ಕಂಪನಿ, ಆ ಹೊಲಕ್ಕೇ ಕೈ ಹಾಕಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿಯ ಆಲದ ಮರಕ್ಕೆ ಮಕ್ಕಳಾಗದವರು ಇವತ್ತಿಗೂ ತೊಟ್ಟಿಲು ಕಟ್ಟುತ್ತಾರೆ.

ಹಲಗಲಿ ನಿಮ್ಮ ಪಕ್ಕದ ಊರೇ. 1857ರಲ್ಲಿ ಹತಾರ ಒಪ್ಪಿಸಿರಿ ಅಂತ ಹುಕುಂ ಬಂತು. ಬೇಟೆಯೇ ಬಾಳಾದವನಿಗೆ ಹತಾರ ಕೊಡು ಅನ್ನುವುದೂ ಒಕ್ಕಲಿಗನಿಗೆ ಎತ್ತು ಕೊಡು ಅನ್ನುವುದೂ ಒಂದೇ. ಜಡಗ, ಬಾಲ ಮತ್ತವರ ಜೊತೆಯವರು ಒಲ್ಲೆ ಅಂದರು. ಲಾವಣಿಕಾರ ಕಥೆ ತೆಗೆಯುವುದು ಆ ಹುಕುಮಿನಿಂದಲೇ. ಯಾರ ವಂಶಾವಳಿಯನ್ನೂ ಹಾಡುತ್ತ ಕೂರುವುದಿಲ್ಲ. ದಂಡು ಊರು ಹೊಕ್ಕು ಏನೇನು ಒಯ್ದಿತು ಅಂತ ಅವನು ಪಟ್ಟಿ ಹೇಳುವುದನ್ನು ಕೇಳಿದ್ದೀರಲ್ಲ? ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಬೆಲ್ಲ, ಗಂಗಾಳ, ಚರಗಿ, ಕಡೆಗೆ ಬೀಸುಕಲ್ಲೂ! ಬೀಸುಕಲ್ಲು ಹೊತ್ತೊಯ್ಯುವ ಸಿಪಾಯಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಆ ಭಾರದ ಕಲ್ಲು ಅವನಿಗೆ ಯಾತಕ್ಕೆ? ಆ ಮನೆಯಲ್ಲಿ ಮತ್ತೆ ಹಿಟ್ಟು ಬೀಳಬಾರದು, ಅಷ್ಟೇ. ಕೋಟಿಗಟ್ಟಲೆ ಸುರಿದ ಕುದುರೆ-ಕಾಳಗಗಳಲ್ಲಿ ನನಗೆ ಇಷ್ಟು ವಾಸ್ತವ ಕಾಣಲಿಲ್ಲ.

ಈ ಲಾವಣಿ ಇಂದು ನಮ್ಮ ಕೈಲಿರುವುದು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ 1880ರ ದಶಕದಲ್ಲಿ ಬರೆಸಿಕೊಂಡು ಅಚ್ಚು ಹಾಕಿಸಿದ್ದರಿಂದ. ಹಲಗಲಿಯವರನ್ನು ಗಲ್ಲಿಗೆ ಹಾಕಿದ ಸರಕಾರದವರೇ ಅವರ ಹಾಡನ್ನೂ ಉಳಿಸಿದರು. ಇದನ್ನು ಓದಿದಾಗೆಲ್ಲ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಆದ್ದರಿಂದ ಹಲಗಲಿ ಸಿನಿಮಾ ಆಗಲಿ, ಹೆದರಬೇಡಿ. ತಯಾರಿಸುವವರು ಜಡಗನನ್ನು ಯಾವುದೋ ಅರಮನೆಯ ತಪ್ಪಿಸಿಕೊಂಡ ಕುಡಿ ಅಂತ ಮಾಡಿದರೆ ಮಾತ್ರ ನನಗೆ ಬರೆಯಿರಿ, ಇಬ್ಬರೂ ಕೂಡಿ ಜಗಳಕ್ಕೆ ಹೋಗೋಣ.

ಪತ್ರದ ಅಂಚಿನಲ್ಲಿ ನಿಮ್ಮ ಸೋದರಮಾವ ಈ ಲಾವಣಿಯನ್ನು ಈಗಲೂ ಹಾಡುತ್ತಾರೆ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೀರಿ. ಮಗನ ಮೊಬೈಲಿನಲ್ಲೇ ಹಿಡಿದು ಕಳಿಸಿ. ಅವರ ಹಾಡಿನಲ್ಲಿ ಬೀಸುಕಲ್ಲು ಇದೆಯೋ ಬಿಟ್ಟುಹೋಗಿದೆಯೋ ಕೇಳಬೇಕು.