ಡ್ರಮ್ಮರ್ ಕೆಲಸ ಬಿಡಲ್ಲ ಅಂದರೆ ಬ್ಯಾಂಡಿನಿಂದ ತೆಗೆಯಬೇಕಾ?

ಹೀಗಂತ ಕೇಳಿ ಬರೆದಿದ್ದೀರಿ: ಬೆಂಗಳೂರು, ನಾಲ್ಕು ಜನರ ಆಲ್ಟರ್ನೇಟಿವ್ ರಾಕ್ ಬ್ಯಾಂಡ್, ಮೂವರು ಐಟಿ ಕೆಲಸ ಬಿಡೋಕೆ ತಯಾರು, ಡ್ರಮ್ಮರ್ ಮಾತ್ರ ಒಲ್ಲೆ ಅಂತಾನೆ. ಅಯ್ಯೋ, ಇದು ನಮ್ಮದೇ ಕಥೆ. ಕೆಲಸದ ವಿಷಯ ಆಮೇಲೆ ನೋಡೋಣ. ನಮ್ಮ ಬ್ಯಾಂಡ್ ಮುರಿದದ್ದು ಅದಕ್ಕಲ್ಲ.

2010ರ ಆಸುಪಾಸು. ಬನಶಂಕರಿಯಲ್ಲಿ ಡ್ರಮ್ಮರ್ ಮನೆ ಮಹಡಿ ಮೇಲಿನ ರೂಮು ನಮ್ಮ ಜಾಮ್ ಪ್ಯಾಡ್, ಅಂದರೆ ಪ್ರಾಕ್ಟೀಸ್ ಜಾಗ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೆವು. ಅದರಿಂದ ಸದ್ದೇನೂ ಕಡಿಮೆ ಆಗುತ್ತಿರಲಿಲ್ಲ, ಪಕ್ಕದ ಮನೆ ಅಜ್ಜಿ ರಾತ್ರಿ ಎಂಟಕ್ಕೆ ಸರಿಯಾಗಿ ಬಂದು ಗೇಟು ಬಡಿಯುತ್ತಿದ್ದರು. ನಾನು ಹಾಡುಗಾರ, ಗಿಟಾರೂ ನನ್ನದೇ. ಕಾಲೇಜು ಫೆಸ್ಟ್, ಆಗಸ್ಟ್ 15ರ ಫ್ರೀಡಂ ಜಾಮ್ ಸಂಗೀತ ಹಬ್ಬ, ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಬ್ಯಾಂಡ್ ಸ್ಪರ್ಧೆ, ಕರೆದಲ್ಲೆಲ್ಲ ಹೋಗುತ್ತಿದ್ದೆವು. ಪಬ್ಬುಗಳದ್ದೇ ಬೇರೆ ಗೋಳು. ಲೈವ್ ಬ್ಯಾಂಡ್ ಆಡಿಸೋಕೆ ಪೊಲೀಸ್ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶದ ಜಗಳ ಆಗಿನ್ನೂ ಕೋರ್ಟಿನಲ್ಲಿತ್ತು. ಸಂಜೆ ಶೋ ಇದೆ ಅಂದರೆ ಮಧ್ಯಾಹ್ನ ಫೋನ್ ಬರುತ್ತಿತ್ತು, "ಇವತ್ತು ಬೇಡ ಗುರೂ, ರಿಸ್ಕು."

ಇಷ್ಟರಲ್ಲಿ ನಮ್ಮ ಒಂದು ಹಾಡು ಜನಕ್ಕೆ ಹಿಡಿಸಿತು. ಸಾಹಿತ್ಯ ನನ್ನದು. ಆದರೆ ಜನ ಶೋ ಮುಗಿಸಿ ಹೋಗುವಾಗ ಗುನುಗುತ್ತಿದ್ದದ್ದು ನನ್ನ ಸಾಲನ್ನಲ್ಲ, ಶುರುವಿನಲ್ಲೇ ಬರುವ ಬೇಸ್ ಗಿಟಾರಿನ ಐದು ಸ್ವರವನ್ನ. ಅದು ಬೇಸ್ ಹುಡುಗ ಕೇಬಲ್ ಸರಿ ಇದೆಯಾ ಅಂತ ನೋಡುವಾಗ ಸುಮ್ನೆ ನುಡಿಸಿದ್ದು. "ಇದನ್ನ ಅರ್ಧ ವೇಗದಲ್ಲಿ ನುಡಿಸು" ಅಂದವನು ಡ್ರಮ್ಮರ್.

ರೆಕಾರ್ಡ್ ಮಾಡಿ ಆನ್‌ಲೈನ್‌ಗೆ ಏರಿಸುವ ಕೆಲಸ ನನಗೆ ಬಿತ್ತು. ರಾತ್ರಿ ಎರಡು ಗಂಟೆ, ನೆಟ್ ನಿಧಾನ, ಉಳಿದವರೆಲ್ಲ ಮನೆಗೆ ಹೋಗಿಯಾಗಿತ್ತು. ಫಾರಂನಲ್ಲಿ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು ಅಂತ ಎರಡು ಖಾನೆ. ಎರಡರಲ್ಲೂ ನನ್ನ ಹೆಸರು ಹಾಕಿದೆ. ಮೋಸ ಮಾಡುವ ಯೋಚನೆ ಇರಲಿಲ್ಲ. ಎಲ್ಲರ ಪೂರ್ತಿ ಹೆಸರು, ಇನಿಶಿಯಲ್ಲು ಕೇಳೋಕೆ ಆ ಹೊತ್ತಲ್ಲಿ ಯಾರು ಫೋನ್ ಮಾಡ್ತಾರೆ, ಆಮೇಲೆ ಸರಿ ಮಾಡಿದರಾಯ್ತು ಅಂದುಕೊಂಡೆ. ಮಾಡಲಿಲ್ಲ.

ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದರೆ ಆಗ ನಮಗೆ ಯಾರೂ ಹೇಳಿರಲಿಲ್ಲ. ಹಾಡು ಬೇರೆ, ಆ ಹಾಡಿನ ರೆಕಾರ್ಡಿಂಗ್ ಬೇರೆ. ನಮ್ಮ ಕಾಪಿರೈಟ್ ಕಾನೂನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹಕ್ಕು. ರೆಕಾರ್ಡಿಂಗಿನಲ್ಲಿ ನುಡಿಸಿದ್ದೀರಿ ಅಂದ ಮಾತ್ರಕ್ಕೆ ಹಾಡಿನಲ್ಲಿ ಪಾಲು ಬರೋದಿಲ್ಲ. 2012ರ ತಿದ್ದುಪಡಿ ಹಾಡಿನ ರಾಯಲ್ಟಿಯ ಪಾಲು ಕಾಪಾಡಿದ್ದು ಸಾಹಿತ್ಯ ಬರೆದವರಿಗೆ, ಸಂಗೀತ ಕೊಟ್ಟವರಿಗೆ. ಹಾಡುಗಳ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್ ಕೂಡ ದುಡ್ಡು ಹಂಚೋದು ಅವರಿಗೆ ಮತ್ತು ಪಬ್ಲಿಷರ್‌ಗೆ. ಡ್ರಮ್ಮರ್ ಹೆಸರು ಸಂಗೀತದ ಖಾನೆಯಲ್ಲಿ ಇಲ್ಲ ಅಂದರೆ ಕಾಗದದ ಮಟ್ಟಿಗೆ ಆ ಹಾಡಿಗೂ ಅವನಿಗೂ ಸಂಬಂಧವೇ ಇಲ್ಲ.

ಒಂದು ಜಾಹೀರಾತಿನವರು ಈ ಹಾಡು ತಮಗೆ ಬೇಕು ಅಂದರು. ಅವರು ಕಳಿಸಿದ ಕರಾರಿನಲ್ಲಿ ಒಂದೇ ಹೆಸರು, ನನ್ನದು. ದುಡ್ಡು ನಾಲ್ಕು ಪಾಲು ಮಾಡೋಣ ಅಂತ ನಾನೇ ಹೇಳಿದೆ. ಬೇಸ್ ಹುಡುಗ, "ದುಡ್ಡು ನೀನೇ ಇಟ್ಕೋ ಮಾರಾಯ. ಆ ಐದು ಸ್ವರ ನಂದು ಅಂತ ಎಲ್ಲಿ ಬರೆದಿದೀಯ ತೋರಿಸು" ಅಂದ. ತೋರಿಸೋಕೆ ಏನಿತ್ತು? ನಾವು ಜಗಳ ಮುಗಿಸುವಷ್ಟರಲ್ಲಿ ಜಾಹೀರಾತಿನವರು ಬೇರೆ ಹಾಡು ತಗೊಂಡಿದ್ದರು. ಬೇಸ್ ಹುಡುಗ ಹೋದ, ಅವನ ಹಿಂದೆ ಡ್ರಮ್ಮರ್, ಡ್ರಮ್ಮರ್ ಜೊತೆ ಜಾಮ್ ಪ್ಯಾಡೂ.

ಈಗ ಆರ್.ಇ.ಎಂ. ಬ್ಯಾಂಡ್ ನೋಡಿ. 1980ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನೋ ಕಾಲೇಜು ಊರಿನಲ್ಲಿ ಶುರುವಾಯ್ತು. ಗಿಟಾರಿಸ್ಟ್ ಪೀಟರ್ ಬಕ್ ಆಗ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವರ ಹಾಡೊಂದು ಅಮೆರಿಕದ ಟಾಪ್ ಟೆನ್ ಮುಟ್ಟಿದ್ದು 1987ರಲ್ಲಿ, ಐದನೇ ಆಲ್ಬಂಗೆ. ಏಳು ವರ್ಷ! ಹಾಡು ಯಾರಿಗೇ ಹೊಳೆದಿರಲಿ, ಕೆಳಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಾಲ್ಕೂ ಹೆಸರು: ಬೆರ್ರಿ, ಬಕ್, ಮಿಲ್ಸ್, ಸ್ಟೈಪ್. 1992ರ ಆಲ್ಬಂನ 'ಎವೆರಿಬಡಿ ಹರ್ಟ್ಸ್' ಹೆಚ್ಚುಪಾಲು ಯಾರದ್ದು ಗೊತ್ತಾ? ಡ್ರಮ್ಮರ್ ಬಿಲ್ ಬೆರ್ರಿಯದ್ದು. ಆ ಡ್ರಮ್ಮರ್‌ಗೆ 1995ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಶೋ ನಡೆಯುವಾಗಲೇ ಮೆದುಳಿನ ರಕ್ತನಾಳ ಒಡೆಯಿತು. ಹುಷಾರಾಗಿ ಬಂದ. 1997ರಲ್ಲಿ ಬ್ಯಾಂಡ್ ಬಿಟ್ಟಾಗ ಅವನು ಹಾಕಿದ ಷರತ್ತು ಒಂದೇ: ನೀವು ನಿಲ್ಲಿಸೋದಾದರೆ ನಾನು ಬಿಡಲ್ಲ. ಉಳಿದ ಮೂವರು 2011ರವರೆಗೆ ನಡೆಸಿದರು. ಒಬ್ಬರು ಎದ್ದು ಹೋದರೂ ಬ್ಯಾಂಡ್ ಉಳಿಯೋದು ಹೀಗೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಕೆಲಸ ಬಿಡದ ಡ್ರಮ್ಮರ್ ನಿಮಗೆ ತೊಂದರೆ ಅಲ್ಲ. ತಿಂಗಳ ಸಂಬಳ ಬರುವವನೊಬ್ಬ ಬ್ಯಾಂಡಿನಲ್ಲಿದ್ದರೆ ಜಾಮ್ ರೂಮಿನ ಬಾಡಿಗೆಯಾದರೂ ಕಟ್ಟುತ್ತಾನೆ, ಅಲ್ವಾ? ಅವನನ್ನ ತೆಗೆಯೋ ಮಾತು ಬಿಡಿ. ಇದುವರೆಗೆ ಮಾಡಿದ ಹಾಡುಗಳ ಪಟ್ಟಿ ಹಾಕಿ. ಪ್ರತಿ ಹಾಡಿಗೂ ಯಾರ ಪಾಲು ಎಷ್ಟು ಅಂತ ಬರೆದು ನಾಲ್ವರೂ ಸಹಿ ಮಾಡಿ. ನನ್ನ ಕೇಳಿದರೆ ಕಣ್ಣುಮುಚ್ಚಿ ಸಮಪಾಲು. "ಸಾಹಿತ್ಯ ನಂದು, ನಂಗೆ ಜಾಸ್ತಿ" ಅಂತ ಹಾಡುವವನು ಕೂತರೆ ಆ ಬ್ಯಾಂಡಿಗಾಗಿ ಯಾರೂ ಕೆಲಸ ಬಿಡಬೇಡಿ. ಬ್ಯಾಂಡಿನ ಹೆಸರನ್ನೂ ಒಬ್ಬನ ಹೆಸರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಬೇಡಿ.

ಕನ್ನಡದಲ್ಲಿ ಹಾಡಿದರೆ ಕೇಳೋರು ಇದ್ದಾರಾ ಅಂತಲೂ ಕೇಳಿದ್ದೀರಿ. ಇದ್ದಾರೆ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನೇ ಗಿಟಾರ್ ಹಿಡಿದು ಹೊರದೇಶದವರೆಗೂ ಒಯ್ದರು. ಕಾಪಿರೈಟ್ ಅವಧಿ ಮುಗಿದ ಶರೀಫರ ಪದಕ್ಕೆ ಪಾಲಿನ ಜಗಳವೂ ಇಲ್ಲ. ನೀವು ಬರೆದದ್ದಕ್ಕೆ ಮಾತ್ರ ಈ ಶನಿವಾರವೇ ಸಹಿ ಹಾಕಿಸಿ, ಪ್ರಾಕ್ಟೀಸ್ ಶುರುವಾಗುವ ಮೊದಲೇ.