ಹೊಲಿಗೆ ಮನೆ: ಎರಡು ಭುಜಕ್ಕೆ ಎರಡು ಅಳತೆ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 34. ಹದಿಹರೆಯದಲ್ಲಿ ಬೆನ್ನುಮೂಳೆ ವಾಲಿದ್ದರಿಂದ ಬಲ ಭುಜ ಎಡಭುಜಕ್ಕಿಂತ ಕೆಳಗಿದೆ. ನೋವಿಲ್ಲ, ಚಿಕಿತ್ಸೆಯೂ ಬೇಡವೆಂದು ವೈದ್ಯರು ಹೇಳಿದ್ದಾರೆ. ಆದರೆ ಅಂಗಡಿಯ ಯಾವ ಕುರ್ತಾವೂ ಸರಿಯಾಗಿ ಕೂರುವುದಿಲ್ಲ. ಕುತ್ತಿಗೆ ಒಂದು ಕಡೆಗೆ ಜಾರುತ್ತದೆ, ಬಲಗಡೆ ಸುಕ್ಕು ಬೀಳುತ್ತದೆ. ಬೇಸಿಗೆಯಲ್ಲೂ ದುಪಟ್ಟಾ ಹೊದ್ದೇ ಪಾಠ ಮಾಡುತ್ತೇನೆ. ಟೈಲರ್ ಒಬ್ಬರು ನಾಲ್ಕು ಜನರೆದುರು, ‘ಮೈಯೇ ಸೊಟ್ಟಗಿದ್ದರೆ ಬಟ್ಟೆ ಹೇಗೆ ನೆಟ್ಟಗೆ ಕೂರುತ್ತದೆ?’ ಎಂದರು. ಅತ್ತೆಯವರ ಹಳೆಯ ಹೊಲಿಗೆ ಯಂತ್ರ ಮನೆಯಲ್ಲಿದೆ. ನಾನೇ ಹೊಲಿದುಕೊಳ್ಳುತ್ತೇನೆ ಎಂದರೆ, ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ ಎನ್ನುತ್ತಾರೆ ಯಜಮಾನರು. ಈ ವಯಸ್ಸಿನಲ್ಲಿ ಕಲಿಯಬಹುದೇ? ಭುಜದ ಊನ ಮುಚ್ಚುವಂತೆ ಹೊಲಿಯುವುದು ಹೇಗೆ?
– ಓದುಗರು, ಸಾಗರ

ಉತ್ತರ: ತಂಗಿ, ಮೈ ಹೇಗಿದೆಯೋ ಹಾಗೆ ಬಟ್ಟೆ ಕತ್ತರಿಸಿ ಕೊಡುವುದೇ ಟೈಲರ್ ಕಸುಬು. ಅದನ್ನು ಮಾಡಲಾಗದವರು ನಿಮ್ಮ ಮೈಯ ಮೇಲೆ ತಪ್ಪು ಹೊರಿಸಿದ್ದಾರೆ. ಆ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾ ಬಂದಿರುವ ನಾನು ಒಂದನ್ನು ದಿನವೂ ನೋಡುತ್ತೇನೆ. ಟೇಪು ಸೊಂಟಕ್ಕೆ ಬಂದ ಕೂಡಲೇ ಎಂಥ ಗಟ್ಟಿಗಿತ್ತಿಯೂ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಆ ಅಳತೆಗೆ ಹೊಲಿದ ರವಿಕೆ ಉಸಿರು ಬಿಟ್ಟೊಡನೆ ಬಿಗಿಯುತ್ತದೆ. ಟೇಪು ನಿಮಗೆ ಅಂಕ ಕೊಡುವುದಿಲ್ಲ, ಬಟ್ಟೆ ಎಲ್ಲಿ ಎಷ್ಟು ಬೇಕೆಂದು ತಿಳಿಸುತ್ತದೆ, ಅಷ್ಟೆ. ಸಿದ್ಧ ಉಡುಪಿನ ಲೇಬಲ್ಲಿಗೂ ನಿಮ್ಮ ಮೈಯನ್ನು ಅಳೆಯುವ ಅಧಿಕಾರವಿಲ್ಲ. ನಮ್ಮ ದೇಶದವರ ಮೈಕಟ್ಟಿಗೆಂದೇ ಅಳತೆಪಟ್ಟಿ ಮಾಡಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ಅಳೆಯುವ ಯೋಜನೆಯನ್ನು ಪ್ರಕಟಿಸಿದ್ದು 2018ರಲ್ಲಿ. ಒಳ್ಳೆಯ ಕೆಲಸ. ಆದರೆ ಎಷ್ಟೇ ಜನರನ್ನು ಅಳೆದರೂ ಕಡೆಗೆ ಬರುವುದು ಸರಾಸರಿ. ಅದರಲ್ಲಿ ಎರಡೂ ಭುಜ ಒಂದೇ ಎತ್ತರದಲ್ಲಿರುತ್ತವೆ.

ಈಗ ನಿಮ್ಮ ಕುರ್ತಾ. ಸಾಮಾನ್ಯವಾಗಿ ಬಟ್ಟೆಯನ್ನು ನಡುವೆ ಮಡಿಸಿ, ಅರ್ಧ ಮೈಗಷ್ಟೇ ಗುರುತು ಹಾಕಿ, ಎರಡೂ ಪದರವನ್ನು ಒಟ್ಟಿಗೆ ಕತ್ತರಿಸುತ್ತೇವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಎಡ ಇದ್ದಂತೆಯೇ ಬಲ ಎಂದು ಆ ಮಡಿಕೆ ಮೊದಲೇ ತೀರ್ಮಾನಿಸಿರುತ್ತದೆ. ನಿಮ್ಮ ಕಷ್ಟವೆಲ್ಲ ಹುಟ್ಟಿರುವುದು ಅಲ್ಲಿ. ನೀವು ಬಟ್ಟೆಯನ್ನು ಮಡಿಸದೆ, ಒಂದೇ ಪದರವಾಗಿ ಹಾಸಿ ಕತ್ತರಿಸಿ.

ಮೊದಲು ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಿನಲ್ಲಿ, ನಿಮಗೆ ಸಹಜವಾದ ರೀತಿಯಲ್ಲಿ ನಿಲ್ಲಿ. ನೆಲದಿಂದ ಎಡಭುಜದ ತುದಿಗೆ ಎಷ್ಟು, ಬಲಭುಜದ ತುದಿಗೆ ಎಷ್ಟು ಎಂದು ಮನೆಯವರಿಂದ ಅಳೆಸಿ ಬರೆದಿಡಿ. (ಯಜಮಾನರಿಗೇ ಟೇಪು ಕೊಡಿ. ಅಗ್ಗದ ಲೆಕ್ಕ ಹೇಳುವವರಿಗೆ ಈ ಲೆಕ್ಕವೂ ಗೊತ್ತಾಗಲಿ.) ವ್ಯತ್ಯಾಸ ಮುಕ್ಕಾಲು ಇಂಚು ಎಂದಿಟ್ಟುಕೊಳ್ಳಿ. ಬಲಗಡೆ ಭುಜದ ಗೆರೆಯನ್ನು ಕುತ್ತಿಗೆಯ ಬಳಿ ಇದ್ದಲ್ಲೇ ಬಿಟ್ಟು, ತೋಳಿನ ತುದಿಯಲ್ಲಿ ಮಾತ್ರ ಮುಕ್ಕಾಲು ಇಂಚು ಇಳಿಸಿ. ಕಂಕುಳ ಗೆರೆಯನ್ನೂ ಅಷ್ಟೇ ಕೆಳಕ್ಕೆ ತನ್ನಿ. ಇದನ್ನು ಮರೆತರೆ ತೋಳು ಕೂಡಿಸುವ ಸುತ್ತಳತೆ ಕಿರಿದಾಗಿ, ಕೈ ಎತ್ತುವಾಗ ಎಳೆಯುತ್ತದೆ. ಕಪ್ಪು ಹಲಗೆಯ ಮೇಲೆ ಬರೆಯುವವರು ನೀವು, ಅದು ನಿಮಗೆ ಮುಖ್ಯ. ಹಿಂಭಾಗಕ್ಕೂ ಇದೇ ಲೆಕ್ಕ. ಬಟ್ಟೆಯ ಒಳಮೈಗೆ ಸೀಮೆಸುಣ್ಣದಲ್ಲಿ ‘ಎಡ’, ‘ಬಲ’ ಎಂದು ಬರೆದುಕೊಳ್ಳಿ, ತಿರುಗಿಸಿದಾಗ ಅದಲುಬದಲಾಗಬಾರದು. ಕೆಳಅಂಚನ್ನು ಕೊನೆಗೆ, ಮೈಮೇಲೆ ಹಾಕಿಕೊಂಡು ನಿಂತಾಗ ನೆಲದಿಂದ ಅಳೆದು ಮಡಿಸಿ.

ಈ ಕೆಲಸ ಮೊದಲು ಹಳೆಯ ಹೊದಿಕೆಯ ಮೇಲೆ ನಡೆಯಲಿ. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಕುತ್ತಿಗೆಯಿಂದ ಕಂಕುಳಿಗೆ ಬೀಳುತ್ತಿದ್ದ ಆ ಓರೆ ಸುಕ್ಕು ಮಾಯವಾಗಿದ್ದರೆ ಅಳತೆ ಸರಿಯಿದೆ ಎಂದರ್ಥ. ಆಮೇಲೆ ಹೊಸ ಬಟ್ಟೆ. ಹತ್ತಿಯದನ್ನೇ ಆರಿಸಿ, ರಾತ್ರಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಕತ್ತರಿಸಿ. ಹೊಲಿದ ಮೇಲೆ ಕುಗ್ಗಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಯಂತ್ರಕ್ಕೆ 14ರ ಸೂಜಿ ಸಾಕು. ಎರಡೂ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಹೆಚ್ಚುವರಿ ಬಟ್ಟೆ ಒಳಗೆ ಬಿಟ್ಟುಕೊಳ್ಳಿ. ಮೊದಲನೆಯದಕ್ಕೆ ಪಟ್ಟೆ, ಚೌಕಳಿ ಬೇಡ. ಗೆರೆ ಕೂಡಿಸುವುದು ಕಷ್ಟ.

ಊನ ಮುಚ್ಚುವ ಮಾತು ಕೇಳಿದಿರಿ. ಭುಜಕ್ಕೆ ಚಿಕ್ಕ ಪ್ಯಾಡ್ ಇಟ್ಟು ಹೊಲಿಯಬಹುದು, ಇಷ್ಟವಾದರೆ ಖಂಡಿತ ಇಡಿ. ಆದರೆ ಮೊದಲ ಕುರ್ತಾ ಪ್ಯಾಡಿಲ್ಲದೆ ಇರಲಿ ಎಂದು ನನ್ನ ಆಸೆ. ನಿಮ್ಮ ಭುಜಕ್ಕೆಂದೇ ಕತ್ತರಿಸಿದ ಬಟ್ಟೆ ಹೇಗೆ ಕೂರುತ್ತದೆ ಎಂಬುದನ್ನು ನೀವು ಈವರೆಗೆ ಕಂಡೇ ಇಲ್ಲ. ಅದನ್ನು ಕನ್ನಡಿಯಲ್ಲಿ ನೋಡಿದ ಮೇಲೆ ಪ್ಯಾಡ್ ಬೇಕೋ ಬೇಡವೋ ನೀವೇ ಹೇಳಿ.

ಕೈ ಪಳಗಿದ ಮೇಲೆ ಇನ್ನೊಂದು ದಾರಿ ತೆರೆಯುತ್ತದೆ, ನನಗೆ ಅತಿ ಪ್ರಿಯವಾದದ್ದು. ನಮ್ಮ ಹಿರಿಯರ ಬಾರಾಬಂದಿಯನ್ನು ನೆನಪಿಸಿಕೊಳ್ಳಿ. ಒಂದು ಮಗ್ಗುಲು ಇನ್ನೊಂದರ ಮೇಲೆ ಓರೆಯಾಗಿ ಬಂದು, ಪಕ್ಕದಲ್ಲಿ ಲಾಡಿ ಕಟ್ಟಿಕೊಳ್ಳುವ ಅಂಗಿ ಅದು. ಎಡಬಲ ಒಂದೇ ಸಮ ಇರಬೇಕೆಂಬ ಹಟ ಅದಕ್ಕಿರಲಿಲ್ಲ, ಆದರೂ ಎಷ್ಟು ಚೆಂದ! ಆ ಬಗೆಯ ಓರೆ ಮುಂಭಾಗದ ಕುರ್ತಾ ಹೊಲಿದು, ಬಲಭುಜಕ್ಕೆ ಮಾತ್ರ ಗುಳೇದಗುಡ್ಡದ ಖಣದ ತುಂಡನ್ನು ಕೂಡಿಸಿ. ಖಣದ ಅಗಲ ಕಡಿಮೆ, ಭುಜದ ಪಟ್ಟಿಗೆ ಹೇಳಿ ಮಾಡಿಸಿದಂತಿದೆ. ನೀವು ಮುಚ್ಚುತ್ತಿದ್ದ ಭುಜದ ಮೇಲೆಯೇ ಕೆಂಪು, ಹಸಿರು ಬಣ್ಣ ಬರಲಿ. ಬಿಡುವಿದ್ದರೆ ಅಂಚಿಗೆ ಒಂದು ಸಾಲು ಕಸೂತಿ, ಬಟ್ಟೆಯ ಎರಡೂ ಮೈಯಲ್ಲಿ ಒಂದೇ ಸಮ ಕಾಣುವ ಗವಂತಿ ಹೊಲಿಗೆಯಲ್ಲಿ. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವಾಗ ಮನಸ್ಸು ಬೇರೆಲ್ಲಿಗೂ ಓಡುವುದಿಲ್ಲ.

ಯಜಮಾನರು ಹೇಳಿದ್ದು ಸುಳ್ಳಲ್ಲ. ಬಟ್ಟೆ, ನೂಲು, ನಿಮ್ಮ ಸಮಯ ಎಲ್ಲ ಸೇರಿಸಿದರೆ ಅಂಗಡಿಯದೇ ಅಗ್ಗವಾಗಬಹುದು. ಆದರೆ ಆ ಅಗ್ಗದ ಕುರ್ತಾದ ಮೇಲೆ ನೀವು ವರ್ಷವಿಡೀ ದುಪಟ್ಟಾ ಹೊದೆಯುತ್ತಿದ್ದೀರಿ. ವಯಸ್ಸಿನ ಮಾತು ಬಿಡಿ, ಮೊಮ್ಮಕ್ಕಳನ್ನು ಕಂಡವರೂ ನನ್ನ ತರಗತಿಯಲ್ಲಿದ್ದಾರೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿರುವ ಹುಡುಗ ನಾನು. ನನ್ನ ಅಂಗಿಗಳನ್ನು ನಾನೇ ಹೊಲಿದುಕೊಳ್ಳುವ ಆಸೆ. ಹೆಂಗಸರ ಕೆಲಸ ಎಂದು ಗೆಳೆಯರು ನಗುತ್ತಾರೆ.
– ಓದುಗ, ಗದಗ

ಉತ್ತರ: ನಿಮ್ಮೂರಿನ ಪೇಟೆಯ ಟೈಲರ್ ಅಂಗಡಿಗಳನ್ನು ಒಮ್ಮೆ ಸುತ್ತಿ ಬನ್ನಿ. ಯಂತ್ರದ ಮುಂದೆ ಕೂತವರಲ್ಲಿ ಎಷ್ಟೋ ಜನ ಗಂಡಸರೇ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು, ಹೊಲಿಗೆಯೇ ಅವರ ಕಾಯಕ. ಅಂಗಿಯ ಕಾಲರ್ ಮೊದಲಿಗೇ ಕಷ್ಟ. ಕಾಲರ್ ಇಲ್ಲದ ಅರ್ಧ ತೋಳಿನ ಜುಬ್ಬದಿಂದ ಶುರು ಮಾಡಿ. ಎರಡೂವರೆ ಮೀಟರ್ ಖಾದಿ ತಂದರೆ ಧಾರಾಳವಾಯಿತು, ಉಳಿದ ತುಂಡಿನಲ್ಲಿ ಜೇಬು ಹೊಲಿಯಿರಿ.